ಪಕ್ಕದ ಸೀಟಿನ ಮಾತು

ಟೇಪಣ್ಣನ ಹಾರ್ಡ್‌ವೇರ್ ಅಂಗಡಿಗೆ ಹೊಸದಾಗಿ ಬಂದವರು, ಅಳತೆಯ ಟೇಪು ಮಾರುವವನಾದ್ದರಿಂದ ಈ ಹೆಸರು ಬಂದಿರಬೇಕು ಎಂದುಕೊಳ್ಳುತ್ತಾರೆ. ಅವನು ತಿದ್ದಲು ಹೋಗುವುದಿಲ್ಲ. ಗಿರಾಕಿಗೆ ತೋರಿಸಬೇಕಾದದ್ದು ಬಾಗಿಲಿನ ಕೀಲು, ಹೆಸರಿನ ಚರಿತ್ರೆಯಲ್ಲ ಎಂಬಷ್ಟು ವ್ಯಾಪಾರ ಅವನಿಗೆ ಗೊತ್ತು. ಆದರೆ ಗಲ್ಲಾಪೆಟ್ಟಿಗೆಯ ಹಿಂದಿನ ಕೋಣೆಯ ಬಾಗಿಲು ತುಸು ತೆರೆದಿದ್ದರೆ ನಿಜ ಸಂಗತಿ ಕಣ್ಣಿಗೆ ಬೀಳುತ್ತದೆ. ಬಣ್ಣದ ಡಬ್ಬಿ ಇರಬೇಕಾದ ಗೂಡುಗಳಲ್ಲಿ ನೆಲದಿಂದ ಸೂರಿನವರೆಗೆ ಕ್ಯಾಸೆಟ್ಟುಗಳು. ಬಣ್ಣದ ಡಬ್ಬಿಗಳು ಪಾಪ ಹೊರಗೆ ಬಿಸಿಲಿನಲ್ಲಿ ನಿಂತಿರುತ್ತವೆ.

ಅವು ಕೊಂಡುತಂದ ಕ್ಯಾಸೆಟ್ಟುಗಳಲ್ಲ. ಹೆಸರು ಹೇಳಿದರೆ ಎದುರಿನವರು "ಯಾರು?" ಎಂದು ಕೇಳುವಂಥ ಸಂಗೀತಗಾರರು, ವಾಚನಾಲಯದ ಮಹಡಿಯಲ್ಲೋ ಶಾಲೆಯ ಹಾಲಿನಲ್ಲೋ, ಖಾಲಿ ಕುರ್ಚಿಗಳೇ ಹೆಚ್ಚಿದ್ದ ಸಭೆಗಳಲ್ಲಿ ಹಾಡಿದ್ದು, ನುಡಿಸಿದ್ದು. ಟೇಪಣ್ಣ ಹರೆಯದಿಂದ ಇಂಥ ಒಂದು ಕಛೇರಿಯನ್ನೂ ತಪ್ಪಿಸಿದವನಲ್ಲ. ಅವನ ಕಿವಿಯೂ ಸಾಮಾನ್ಯದ್ದಲ್ಲ. ಬೀಗವನ್ನು ಒಮ್ಮೆ ಅಲ್ಲಾಡಿಸಿ "ಒಳಗೆ ಸ್ಪ್ರಿಂಗ್ ಹೋಗಿದೆ" ಎನ್ನುತ್ತಾನೆ, ಹೋಗಿರುತ್ತದೆ. ಇಂಥ ಕಿವಿಯನ್ನು ದೇವರು ಕೊಟ್ಟ, ಆದರೆ ಅದರಲ್ಲಿ ಒಂದು ಕಡೆ ಮಾತ್ರ ಬೆಣೆ ಹೊಡೆದು ಕಳಿಸಿದ್ದ ಎಂಬುದು ತಿಳಿದದ್ದು ತೀರಾ ಈಚೆಗೆ.

ರೆಕಾರ್ಡು ಮಾಡುವುದರಲ್ಲಿ ಅವನಿಗೆ ಒಂದೇ ತೊಡಕಿತ್ತು. ಸಂಗೀತ ಶುರುವಾದರೆ ಕೈ ತಾನಾಗಿ ತೊಡೆ ಬಡಿಯುತ್ತಿತ್ತು. ರೆಕಾರ್ಡರ್ ಮಡಿಲಲ್ಲಿದ್ದರೆ ಕ್ಯಾಸೆಟ್ಟಿನ ತುಂಬ ಯಾರೋ ಹಾಸಿಗೆ ಝಾಡಿಸಿದ ಸದ್ದು. ನೆಲಕ್ಕಿಟ್ಟರೆ ಕುರ್ಚಿ ಎಳೆದ ಸದ್ದು. ಕೊನೆಗೆ ಸಿಕ್ಕ ಉಪಾಯ, ಪಕ್ಕದಲ್ಲಿ ಕೂರುವ ಹೆಂಡತಿಯ ಮಡಿಲು. ಅವಳ ಕೈಚೀಲದ ಬಾಯಿ ತೆರೆದು ರೆಕಾರ್ಡರನ್ನು ಅದರೊಳಗೆ ನಿಲ್ಲಿಸಿ, ಮೈಕಿನ ಮುಖ ವೇದಿಕೆಯ ಕಡೆಗೆ ತಿರುಗಿಸಿಡುತ್ತಿದ್ದ.

ಅವಳಿಗೆ ಸಂಗೀತದ ಹುಚ್ಚೇನೂ ಇರಲಿಲ್ಲ. ಬರುತ್ತಿದ್ದುದಕ್ಕೆ ಕಾರಣ ಬೇರೆ. ಅಂಗಡಿಯಲ್ಲಿ ಗಂಡನ ಸುತ್ತ ಗಿರಾಕಿಗಳು, ಮನೆಯಲ್ಲಿ ಅತ್ತೆ. ಎದ್ದು ಹೋಗಲಾಗದಂತೆ ಆ ಮನುಷ್ಯ ಪಕ್ಕದಲ್ಲಿ ಸಿಗುತ್ತಿದ್ದ ಜಾಗವೆಂದರೆ ಅದೊಂದೇ. ಆದ್ದರಿಂದ ಮನೆಯ ಮಾತನ್ನೆಲ್ಲ ಅಲ್ಲಿಗೆ ಕೂಡಿಟ್ಟುಕೊಂಡು ಬರುತ್ತಿದ್ದಳು. ಅವನು ವೇದಿಕೆಯ ಮೇಲೆ ಕಣ್ಣಿಟ್ಟು "ಹೂಂ" ಅನ್ನುತ್ತಿದ್ದ.

ಈಗ ಕ್ಯಾಸೆಟ್ಟಿನ ಕಾಲ ಮುಗಿದು, ಟೇಪಣ್ಣ ಅವನ್ನೆಲ್ಲ ಒಂದೊಂದಾಗಿ ಇಂಟರ್‌ನೆಟ್ಟಿಗೆ ಏರಿಸುತ್ತಿದ್ದಾನೆ. ಅಲ್ಲಿ ಅವನಂಥ ಹುಚ್ಚರ ಒಂದು ಗುಂಪೇ ಇದೆ. ಒಬ್ಬ ಬಸ್ ಡ್ರೈವರ್, ಒಬ್ಬ ಹಲ್ಲಿನ ಡಾಕ್ಟರು, ಎಲ್ಲೆಲ್ಲಿಯವರೋ. ಯಾರೂ ಕೇಳಿರದ ಪಿಟೀಲುಗಾರನ ಹೆಸರು ಹೇಳಿದರೆ ಸಾಕು, "ಅವರದು ನನ್ನ ಹತ್ತಿರ ಒಂದಿದೆ, ಕೊನೆ ಮಾತ್ರ ಇಲ್ಲ, ನಿಮ್ಮಲ್ಲಿ ಕೊನೆ ಇದೆಯಾ?" ಎಂದು ಶುರುವಾಗುತ್ತದೆ. ಆ ಗುಂಪಿನಲ್ಲಿ ಒಂದು ನೇಮವುಂಟು. ರೆಕಾರ್ಡಿಗೆ ಕತ್ತರಿ ಹಾಕಬಾರದು. ಶ್ರುತಿ ಮಾಡಿಕೊಂಡದ್ದು, ಕೆಮ್ಮು, ಚಪ್ಪಾಳೆ, ಎಲ್ಲ ಇದ್ದ ಹಾಗೆ ಇರಬೇಕು. ಕತ್ತರಿಸಿದವನನ್ನು ಹಾಲಿಗೆ ನೀರು ಹಾಕಿದವನಂತೆ ನೋಡುತ್ತಾರೆ. ಟೇಪಣ್ಣ ನೇಮಸ್ಥ. ಹಾಕುವ ಮುಂಚೆ ಪೂರ್ತಿ ಕೇಳಿ, ಒಂದು ಕೂದಲನ್ನೂ ಕೀಳದೆ ಏರಿಸುತ್ತಿದ್ದ. ಜೊತೆಗೆ ಅಂಗಡಿಯ ವಿಳಾಸವನ್ನೂ ಹಾಕಿದ್ದ. ಪುಟ ಸಂಗೀತದ್ದಾದರೂ ಬೋರ್ಡು ತೂಗಿಸಲು ಜಾಗ ಸಿಕ್ಕರೆ ವ್ಯಾಪಾರಿ ಬಿಡುತ್ತಾನೆಯೇ?

ಕೆಳಗೆ ಜನ ಬರೆಯುವ ಮಾತಿನಲ್ಲಿ "ಪಕ್ಕದ ಸೀಟಿನಮ್ಮ" ಎಂಬುದು ಆಗಾಗ ಕಾಣುತ್ತಿತ್ತು. "ಪಕ್ಕದ ಸೀಟಿನಮ್ಮನಿಗೆ ನಮಸ್ಕಾರ." "ಇವತ್ತು ಸೀಟಿನಮ್ಮ ಫಾರ್ಮಲ್ಲಿದ್ದಾರೆ." ಯಾವಳೋ ಸಭ್ಯತೆ ಗೊತ್ತಿಲ್ಲದ ಹೆಂಗಸು ಎಲ್ಲೋ ಗಲಾಟೆ ಮಾಡಿರಬೇಕು ಎಂದು ಅಂದುಕೊಂಡು, ಶ್ರುತಿಯ ಬಗ್ಗೆ ಬರೆದವರಿಗೆ ಮಾತ್ರ ಉತ್ತರ ಕೊಡುತ್ತಿದ್ದ.

ಹೀಗಿರುವಾಗ ಒಂದು ಸಂದೇಶ ಬಂತು. ಬರೆದವಳು ಒಬ್ಬ ಕ್ಲಾರಿನೆಟ್ ವಾದಕರ ಮಗಳು. ಆ ವಾದಕರ ಒಂದೇ ಒಂದು ಕಛೇರಿ ಟೇಪಣ್ಣನ ಹತ್ತಿರವಿತ್ತು. ಹೋದ ತಿಂಗಳು ಹಾಕಿದ್ದ. "ಅಪ್ಪ ಅಮ್ಮ ಇಬ್ಬರೂ ಕೇಳಿದರು. ಅದರಲ್ಲಿ ನಿಮ್ಮ ಮನೆಯವರು ಆಡಿದ ಮಾತಿನ ಬಗ್ಗೆ ಎದುರಿಗೇ ಕೂತು ಮಾತಾಡಬೇಕಂತೆ. ಭಾನುವಾರ ಬರುತ್ತಾರೆ."

ಮನೆಯವರು? ಟೇಪಣ್ಣ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ರೆಕಾರ್ಡು ಹಚ್ಚಿದ. ಈ ಸಲ ಕ್ಲಾರಿನೆಟ್ಟನ್ನು ಬಿಟ್ಟು ಉಳಿದದ್ದನ್ನು ಕೇಳಿಸಿಕೊಂಡ. ಮೊದಲ ಸ್ವರ ಹೊರಟಿತ್ತೋ ಇಲ್ಲವೋ, ಮೈಕಿಗೆ ಗೇಣು ದೂರದಿಂದ, ವಾದಕರಿಗಿಂತ ಗಟ್ಟಿಯಾಗಿ, ತನ್ನ ಹೆಂಡತಿಯ ಹರೆಯದ ದನಿ:

"ಇದೇನ್ರೀ ಇದು, ಸೈಕಲ್ ಟ್ಯೂಬಿಂದ ಗಾಳಿ ಬಿಟ್ಟ ಹಾಗಿದೆ!"

ತಡಬಡಿಸಿ ಆಫ್ ಮಾಡಿದ. ಇನ್ನೊಂದು ರೆಕಾರ್ಡು ಹಚ್ಚಿದ. "ನಿಮ್ ತಂಗಿ ನನ್ನ ಸ್ಟೀಲ್ ಡಬ್ಬಿ ಇಸ್ಕೊಂಡು ಹೋದೋಳು ಮುಚ್ಚಳ ಇಲ್ದೆ ವಾಪಸ್ ಕೊಟ್ಟಿದಾಳೆ." ಆ ತಂಗಿಯೇ ಅಣ್ಣನ ಪುಟದ ಮೊದಲ ಅಭಿಮಾನಿ. ಮತ್ತೊಂದು ಹಚ್ಚಿದ, ಅಲ್ಲೂ ಅವಳೇ. ಇಷ್ಟು ಕಾಲ ಇವನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದ. ಹಾಲಿನ ಕೊನೆಯ ಸಾಲಿನಲ್ಲಿ ಯಾರೋ ಕೀಲಿಕೈ ಬೀಳಿಸಿದ್ದು ಕೂಡ ಬಾಯಿಪಾಠ. ಪಕ್ಕದಲ್ಲಿ ಕೂತವಳ ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. ಸಂಸಾರ ಮಾಡಿದ ಕಿವಿ ಅದು. ಯಾವುದನ್ನು ಹೊರಗೆ ನಿಲ್ಲಿಸಬೇಕೆಂದು ಯಾವಾಗಲೋ ಕಲಿತುಬಿಟ್ಟಿತ್ತು.

ಈಗ ಜನ ಬರೆದದ್ದನ್ನೆಲ್ಲ ಮೊದಲಿನಿಂದ ಓದಿದ. ಹಲ್ಲಿನ ಡಾಕ್ಟರ ಒಂದು ಮಾತು ಮುಳ್ಳಿನಂತೆ ಚುಚ್ಚಿತು. "ಕೊನೆಕೊನೆಯ ವರ್ಷಗಳ ರೆಕಾರ್ಡುಗಳಲ್ಲಿ ಸೀಟಿನಮ್ಮ ಮಾತಾಡುವುದೇ ಇಲ್ಲ. ಆರೋಗ್ಯವಾಗಿದ್ದಾರೆ ತಾನೇ?" ಹಚ್ಚಿ ನೋಡಿದ. ನಿಜ. ಒಂದು ಸಿತಾರ್ ಕಛೇರಿಯ ನಂತರದವುಗಳಲ್ಲಿ ಬರೀ ಸಂಗೀತ, ನಡುವೆ ಅವಳ ಬಳೆಯ ಸದ್ದು. ಹೆಂಡತಿ ಮಾತು ನಿಲ್ಲಿಸಿದ್ದನ್ನು ಎಲ್ಲಿಯವನೋ ಹಲ್ಲು ಕೀಳುವವನು ಗಮನಿಸಿದ್ದ. ಗಂಡ ಗಮನಿಸಿರಲಿಲ್ಲ.

ಎಲ್ಲವನ್ನೂ ಅಳಿಸಿಬಿಡೋಣವೆಂದು ಬಸ್ ಡ್ರೈವರಿಗೆ ಫೋನು ಹಚ್ಚಿದ. ಅತ್ತಲಿಂದ ನಗು. "ಅಳಿಸಿ ಏನ್ ಮಾಡ್ತೀರಾ ಸಾರ್? ನಮ್ಮೆಲ್ಲರ ಹತ್ರ ಕಾಪಿ ಇದೆ. ನನ್ನ ಬಸ್ಸಲ್ಲಿ ದಿನಾ ಹಾಕ್ತೀನಿ. ಪ್ಯಾಸೆಂಜರು ಸ್ಟಾಪ್ ಬಂದ್ರೂ ಇಳಿಯಲ್ಲ, ಡಬ್ಬಿ ಮುಚ್ಚಳ ಸಿಕ್ತಾ ಅಂತ ಕೇಳ್ತಾರೆ."

ಟೇಪಣ್ಣ ಫೋನಿಟ್ಟು ಕಬ್ಬಿಣದ ತಂತಿಯ ಸುರುಳಿಯ ಮೇಲೆ ಕುಸಿದು ಕೂತ. ಕ್ಲಾರಿನೆಟ್ಟಿನವರು ಬೈದರೆ ಬೈಸಿಕೊಳ್ಳಬಹುದು, ಅಂಗಡಿಯಲ್ಲಿ ಅವರಿಗಿಂತ ದೊಡ್ಡವರ ಬೈಗುಳ ತಿಂದಿದ್ದಾನೆ. ಆದರೆ ಹೆಂಡತಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾಳೆ: ಇದೆಲ್ಲ ನಿಮಗೆ ಕೇಳಿಸಿತ್ತಾ? ಕೇಳಿಸಿತ್ತು ಎಂದರೆ, ಬೇಕೆಂದೇ ಅವಳ ಮಾತನ್ನು ಬೀದಿಗಿಟ್ಟಂತೆ. ಕೇಳಿಸಿರಲಿಲ್ಲ ಎಂದರೆ, ಇಷ್ಟು ವರ್ಷ ಅವಳು ಗೋಡೆಯ ಜೊತೆ ಮಾತಾಡಿದಂತೆ. ಎರಡು ಸರಕು, ಎರಡೂ ಕೊಳೆತದ್ದು. ಯಾವುದನ್ನು ಮುಂದಿಟ್ಟು ಮಾರಬೇಕೆಂದು ಹಳೇ ವ್ಯಾಪಾರಿಗೂ ತಿಳಿಯಲಿಲ್ಲ.

ಹೇಳಿಬಿಡಬೇಕೆಂದು ಅಡುಗೆಮನೆಗೆ ಹೋದ. ಅವಳು ಸಿಂಕಿನ ಕೆಳಗೆ ಬಗ್ಗಿ ಕೂತಿದ್ದಳು.

"ಈ ನಲ್ಲಿ ಸೋರ್ತಿದೆ ಅಂತ ಎಷ್ಟು ದಿನದಿಂದ ಹೇಳ್ತಿದೀನಿ. ಊರಿಗೆಲ್ಲ ನಲ್ಲಿ ಮಾರೋರು ನೀವು."

"ಹೇಳಿದ್ಯಾ?" ಎಂದವನು ನಾಲಿಗೆ ಕಚ್ಚಿಕೊಂಡ. ಸ್ಪ್ಯಾನರ್ ತಂದು ವಾಷರ್ ಬದಲಿಸಿದ. ಅವಳು ಹುಬ್ಬೇರಿಸಿ ನೋಡಿದಳು. "ಭಾನುವಾರ ಯಾರೋ ಬರ್ತಾರೆ, ಸಂಗೀತದೋರು" ಎಂದಷ್ಟೇ ಅಂದ.

ಭಾನುವಾರ ಬಂದೇ ಬಂತು. ವಾದಕರು ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಕೈಯಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ. ಅವರ ಹಿಂದೆ ಗಿಡ್ಡನೆಯ ಹೆಂಡತಿ, ಕೋರ್ಟಿನಲ್ಲಿ ಗೆದ್ದು ಬಂದವರ ಮುಖ. ಟೇಪಣ್ಣ ಇಬ್ಬರನ್ನೂ ಕೂರಿಸುವ ಮೊದಲೇ ಕೈ ಮುಗಿದ.

"ಸ್ವಾಮಿ, ಆ ಟ್ಯೂಬಿನ ಮಾತು... ಅವಳಿಗೆ ಸಂಗೀತ ಅಷ್ಟಾಗಿ..."

"ಯಾವ ಟ್ಯೂಬು?" ಎಂದರು ವಾದಕರು, ಆ ಮಾತು ಮರೆತೇಹೋದವರಂತೆ.

"ಅದನ್ನ ಬಿಡಿ," ಎಂದು ಅವರ ಹೆಂಡತಿ ಫೋನು ತೆಗೆದು ಮೇಜಿನ ಮೇಲಿಟ್ಟರು. "ಇವರೇ ತಾನೇ ಆ ಪಕ್ಕದ ಸೀಟಿನೋರು? ಕೂತ್ಕೊಳ್ಳಿ ಅಕ್ಕಾ. ನಿಮ್ಮ ಬಾಯಿಂದಲೇ ಇವರು ಇನ್ನೊಂದು ಸಲ ಕೇಳಲಿ."

ಟೀ ತಂದಿದ್ದ ಟೇಪಣ್ಣನ ಹೆಂಡತಿ ಏನೂ ಅರ್ಥವಾಗದೆ ಕೂತಳು. ಫೋನಿನಿಂದ ಕ್ಲಾರಿನೆಟ್ ಎದ್ದಿತು, ಅದರ ಮೇಲೆ ಅವಳದೇ ಹಳೆಯ ದನಿ: "ರೀ, ಈ ಮನುಷ್ಯನ ಮನಸ್ಸು ಇಲ್ಲಿಲ್ಲ. ಊದೋದು ಇಲ್ಲಿ, ಕಣ್ಣು ಬಾಗಿಲ ಮೇಲೆ. ಯಾರೋ ಬರ್ಬೇಕು ಅನ್ಸುತ್ತೆ." ಸ್ವಲ್ಪ ಹೊತ್ತು ಬರೀ ವಾದನ. ಆಮೇಲೆ ಅವಸರದ ಪಿಸುಮಾತು: "ಬಂದ್ಲು ನೋಡ್ರೀ! ಕಂಬದ ಹಿಂದೆ, ಹಸಿರು ಕೊಡೆ. ಪಾಪ, ನೆಂದಿದಾಳೆ. ಅಯ್ಯೋ, ಇವನು ಈಗ ಕಣ್ಣು ಮುಚ್ಕೊಂಡ್ನಲ್ಲ! ಬಿಡೋ ಕಣ್ಣು!"

ವಾದಕರು ತಲೆ ತಗ್ಗಿಸಿದರು. ಅವರ ಹೆಂಡತಿ ಗೆದ್ದ ದನಿಯಲ್ಲಿ ಹೇಳಿದರು. "ಇವರು ಕೆಲಸ ಬಿಟ್ಟು ವಾದ್ಯ ಹಿಡಿದಾಗ ಜಗಳ ಆಗಿತ್ತು ನಮಗೆ. ಮೊದಲ ಕಛೇರಿಗೆ ಬರಲ್ಲ ಅಂದಿದ್ದೆ. ಮನಸ್ಸು ತಡೀಲಿಲ್ಲ, ಓಡಿ ಬಂದೆ. ಕೊನೇ ಬಸ್ಸು ಅಂತ ಮುಂಚೆ ಹೊರಟೆ. ಬಂದಿದ್ದೆ ಅಂದ್ರೆ ಇವರು ನಂಬಬೇಕಲ್ಲ! ಯಾವ ಜಗಳ ಶುರುವಾದ್ರೂ ಕೊನೆಗೆ ಅಲ್ಲಿಗೇ ಬರೋದು, 'ನೀನು ಅವತ್ತು ಬರ್ಲಿಲ್ಲ' ಅಂತ."

"ಕೊಡೆ ಹಸಿರು ಅಂತ ಇವಳು ಮೊದಲಿಂದಲೂ ಹೇಳ್ತಿದ್ಲು," ಎಂದರು ವಾದಕರು ಮೆಲ್ಲಗೆ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಾಳೆ ಅಂತ ಒಳಗೊಳಗೇ ನೋವಿತ್ತಮ್ಮ. ಈ ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡ್ತಿದೀನಿ."

ಟೇಪಣ್ಣನಿಗೆ ಅರ್ಧ ಜೀವ ಬಂತು. ಉಳಿದರ್ಧ ಪಕ್ಕದಲ್ಲಿ ಕೂತಿತ್ತು. ಅವಳು ಫೋನನ್ನು ನೋಡಿದಳು, ಗಂಡನನ್ನು ನೋಡಿದಳು.

"ನಾನಾಡಿದ್ದು ಇದ್ರಲ್ಲಿ ಇದೆಯಾ?"

"ಎಲ್ಲದ್ರಲ್ಲೂ ಇದೆ," ಎಂದ. "ಎಲ್ಲರೂ ಕೇಳಿದಾರೆ. ನಾನೇ ಹಾಕಿದ್ದು."

"ನಿಮಗೆ ಕೇಳಿಸಿತ್ತಾ?"

ಪ್ರಶ್ನೆ ಬಂದಾಯಿತು. ಟೇಪಣ್ಣ ಇಡೀ ವಾರ ಹುಡುಕಿದ್ದ ಜಾಣತನವೆಲ್ಲ ಎಲ್ಲೋ ಹೋಯಿತು.

"ಇಲ್ಲ ಕಣೇ," ಎಂದ. "ಒಂದು ಮಾತೂ ಕೇಳಿಸಿರಲಿಲ್ಲ. ಈ ವಾರವೇ ಕೇಳಿದ್ದು."

ಟೀ ಲೋಟದ ಮೇಲಿನ ಅವಳ ಬೆರಳುಗಳು ಸಡಿಲವಾದವು.

"ಸದ್ಯ!" ಎಂದಳು. ಆ ಒಂದು ಶಬ್ದದ ಜೊತೆ ಉಸಿರು ಎಲ್ಲಿಂದಲೋ ಬಂತು. "ಕೇಳಿಸಿರ್ಲಿಲ್ವಾ? ನಿಜವಾಗ್ಲೂ? ಆ ಸಿತಾರ್ ದಿನ ನಿಮ್ಮಮ್ಮನ್ನ ನಾನು ಅಂದಿದ್ದೂ ಕೇಳಿಸಿರ್ಲಿಲ್ವಾ?"

"ಏನಂದಿದ್ದೆ?"

"ಅದು ಬೇಡ ಈಗ. ಮಾರನೇ ದಿನ ಆ ಕ್ಯಾಸೆಟ್ಟು ಕೇಳೋಕೆ ಕೂತೋರು ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ ನೀವು. ಮುಖ ಊದಿಸ್ಕೊಂಡು ಕೂತಿದ್ರಿ. ಕೇಳಿಸ್ಕೊಂಡ್ರು, ನೊಂದ್ಕೊಂಡ್ರು ಅಂತ ಅವತ್ತಿಂದ ಬಾಯಿಗೆ ಬೀಗ ಹಾಕ್ಕೊಂಡೆ."

ಟೇಪಣ್ಣ ಬಾಯಿ ಬಿಟ್ಟು ನೋಡಿದ. "ಮಾರಾಯ್ತಿ! ಅವತ್ತು ಮಿಷಿನ್ನು ಕ್ಯಾಸೆಟ್ಟನ್ನ ತಿಂದು ಹಾಕಿತ್ತು! ಪೆನ್ಸಿಲ್ ಹಾಕಿ ತಿರುಗಿಸಿ ತಿರುಗಿಸಿ, ಸುಕ್ಕು ತೀಡಿ ತೀಡಿ ಎರಡು ದಿನ ಕಳೆದೆ. ಅದಕ್ಕೆ ಮುಖ ಹಾಗಿತ್ತು!"

"ಒಂದು ಕ್ಯಾಸೆಟ್ಟಿಗಾ?"

"ಅಪರೂಪದ್ದು ಕಣೇ ಅದು."

ಮೊದಲು ನಕ್ಕವರು ಕ್ಲಾರಿನೆಟ್ಟಿನವರ ಹೆಂಡತಿ. ಆಮೇಲೆ ಟೇಪಣ್ಣನ ಹೆಂಡತಿ ನಕ್ಕ ನಗೆಗೆ ಲೋಟ ಕೆಳಗಿಡಬೇಕಾಯಿತು. ಕಣ್ಣೊರೆಸಿಕೊಂಡು, "ಇಷ್ಟು ವರ್ಷ ನಿಮ್ಮಮ್ಮನ ಫೋಟೋ ಕಡೆ ನೋಡೋಕೂ ಹೆದರಿಕೆ ಆಗ್ತಿತ್ತಲ್ಲ ನಂಗೆ!" ಎಂದಳು. ಸಿತಾರಿನ ಆ ರೆಕಾರ್ಡನ್ನು ಇನ್ನೂ ಏರಿಸಿರಲಿಲ್ಲ. ಸುಕ್ಕಾದ ಜಾಗ ಸರಿಹೋಗಿರಲಿಲ್ಲವಾದ್ದರಿಂದ ಹಾಗೇ ಉಳಿದಿತ್ತು. ನೇಮಸ್ಥ ಟೇಪಣ್ಣ ಅದನ್ನು ಇನ್ನು ಮುಂದೆಯೂ ಏರಿಸುವುದಿಲ್ಲ.

ವಾದಕರು ಪೆಟ್ಟಿಗೆ ತೆರೆದರು. ಈಗೆಲ್ಲೂ ನುಡಿಸುತ್ತಿಲ್ಲವಂತೆ, ಆದರೂ ಬರಿಗೈಲಿ ಬರಲು ಮನಸ್ಸಾಗಲಿಲ್ಲವಂತೆ. ಟೇಪಣ್ಣ ಫೋನು ತೆಗೆದು, ರೆಕಾರ್ಡಿಗೆ ಹಾಕಿ, ಅಭ್ಯಾಸದಂತೆ ಹೆಂಡತಿಯ ಮಡಿಲಲ್ಲಿಟ್ಟ. ಮೊದಲ ಸ್ವರ ಸ್ವಲ್ಪ ಗಾಳಿಯಾಗಿಯೇ ಹೊರಟಿತು. ತೊಡೆಗೆ ಹೊರಟಿದ್ದ ಕೈಯನ್ನು ಹಿಡಿದುಕೊಂಡು ಟೇಪಣ್ಣ ಈ ಸಲ ಅವಳ ಕಡೆ ತುಸು ವಾಲಿ ಕೂತ.

"ಆಗ್ತಿದೆಯಾ ರೆಕಾರ್ಡು?" ಎಂದು ಅವಳು ಪಿಸುಗುಟ್ಟಿದಳು.

"ಆಗ್ತಿದೆ."

"ನಿಮ್ ತಂಗಿ ಕೇಳ್ತಾಳಾ ಇದನ್ನ?"

"ಮೊದಲು ಕೇಳೋಳೇ ಅವಳು."

ಅವಳು ಫೋನಿನ ಹತ್ತಿರ ಬಗ್ಗಿದಳು. "ಮುಚ್ಚಳ ಇನ್ನೂ ಬಂದಿಲ್ಲ," ಎಂದಳು, ಬಿಡಿಸಿ ಬಿಡಿಸಿ.