ಕರಿ ಹರಿದ ಎಮ್ಮೆ

ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಫಕ್ಕೀರಪ್ಪ ಉಗಿ ಎಂಜಿನ್ನನ್ನು ಬೆರಳುಗಳ ಬೆನ್ನಿನಿಂದ ಮುಟ್ಟುತ್ತಿದ್ದ. ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ತೀರ್ಪು ಕೊಡುತ್ತಿದ್ದ: “ಎಮ್ಮಿಗೆ ಇನ್ನಾ ಹಸಿವೈತ್ರಿ, ಮಾಸ್ತರ್ರ.” ಉಗಿಯ ಒತ್ತಡ ತೋರಿಸುವ ಮಾಪಕ ಎದುರಿಗೇ ಇತ್ತು. ಅದನ್ನು ನೋಡು ಎಂದರೆ, “ಅದು ಈಗಿಂದು ಹೇಳತೈತ್ರಿ. ನಾ ಮುಂದಿಂದು ಕೇಳಾಕತ್ತೇನಿ” ಎನ್ನುತ್ತಿದ್ದ. ನಾನು ಅತ್ತ ತಿರುಗಿದ ಕೂಡಲೇ ಮಾಪಕವನ್ನೂ ನೋಡುತ್ತಿದ್ದ.

ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ ದೊಡ್ಡ ಹಳಿ ಬಂದು ರೈಲುಗಳೆಲ್ಲ ಅತ್ತ ಹೋದ ಮೇಲೆ, ನಮ್ಮ ಹಳೆಯ ನಿಲ್ದಾಣ, ಎಂಜಿನ್ ದುರಸ್ತಿಯ ಶೆಡ್ಡು, ಎರಡನ್ನೂ ಸೇರಿಸುವ ಒಂದು ತುಂಡು ಸಣ್ಣ ಹಳಿ ಉಳಿದುಕೊಂಡವು. ಪಾರಂಪರಿಕ ತಾಣವೆಂದು ಫಲಕ ಬಂತು. ನಿವೃತ್ತ ಸ್ಟೇಷನ್ ಮಾಸ್ತರನಾದ ನನಗೆ ನಿಲ್ದಾಣದ ಉಸ್ತುವಾರಿ, ನಿವೃತ್ತ ಫಿಟ್ಟರ್ ಫಕ್ಕೀರಪ್ಪನಿಗೆ ಶೆಡ್ಡು. ಬೆಳಿಗ್ಗೆ ಪ್ಲಾಟ್‌ಫಾರ್ಮ್ ಗುಡಿಸಿ, ಗಂಟೆ ಒರೆಸಿ, ಬಾವುಟಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಅವನು ಎಂಜಿನ್ನಿನ ಕೆಳಗೆ ಮಲಗಿರುತ್ತಿದ್ದ. ಹೊರಗೆ ಕಾಣುತ್ತಿದ್ದುದು ಎರಡು ಪಾದ. ಆ ಪಾದಗಳೊಂದಿಗೇ ನನ್ನ ಮಾತು.

“ಫಕ್ಕೀರಪ್ಪಾ, ಚಹಾ ಆರಾಕತ್ತೈತಿ.”

“ಎಮ್ಮಿದು ನೀರು ಕುಡಿಯೂದು ಮುಗೀಲಿ. ಆಮ್ಯಾಲೆ ನಂದು.”

ಕಪ್ಪು ಮೈ, ಭುಸ್ ಎನ್ನುವ ಉಸಿರು, ಎಷ್ಟು ಕುಡಿದರೂ ತೀರದ ದಾಹ. ಎಂಜಿನ್ನಿಗೆ ಅವನಿಟ್ಟ ಎಮ್ಮೆ ಎಂಬ ಹೆಸರು ಒಪ್ಪುತ್ತಿತ್ತು. ಅವನ ಹೆಂಡತಿ ಗಿರಿಜವ್ವ ಬುತ್ತಿ ತಂದಾಗೊಮ್ಮೆ, “ಮನ್ಯಾಗಿನ ಎಮ್ಮಿ ಹಾಲಾದ್ರೂ ಕೊಡತೈತಿ. ಇದೇನು ಕೊಡತೈತಿ?” ಎಂದು ಕೆಣಕುತ್ತಿದ್ದಳು.

“ಹೊಗಿ ಕೊಡತೈತಲ್ಲ, ನಿನ್ನ ಒಲಿಗಿಂತ ಛಲೋ!”

ಕೊನೆಗೆ ಹುಬ್ಬಳ್ಳಿಯಿಂದ ಸಾಹೇಬರು ಪರೀಕ್ಷೆಗೆ ಬರುವ ದಿನ ಗೊತ್ತಾಯಿತು. ಎಂಜಿನ್ ತನ್ನ ಉಗಿಯಲ್ಲೇ ಶೆಡ್ಡಿನಿಂದ ಪ್ಲಾಟ್‌ಫಾರ್ಮಿಗೆ ಬಂದರೆ ಮುಂದೆಯೂ ಇಲ್ಲೇ ಓಡುತ್ತದೆ. ಬರದಿದ್ದರೆ ಬೆಂಕಿ ಆರಿಸಿ, ದೂರದ ಊರಿನ ಉದ್ಯಾನದಲ್ಲಿ ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಆ ವಾರವಿಡೀ ಫಕ್ಕೀರಪ್ಪ ಸರಿಯಾಗಿ ಉಣ್ಣಲಿಲ್ಲ. “ಕಟ್ಟಿ ಮ್ಯಾಲೆ ನಿಂತ್ರ ಅದು ಎಮ್ಮಿ ಅಲ್ರಿ, ಕಲ್ಲು” ಎಂದ.

ಪರೀಕ್ಷೆಯ ದಿನ ಕಾರಹುಣ್ಣಿವೆಯಾಗಿತ್ತು. ನಮ್ಮ ಕಡೆ ಅಂದು ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ದಾರಿಗಡ್ಡ ಬೇವಿನ ತೋರಣದ ಹಗ್ಗ ಕಟ್ಟಿ ಓಡಿಸುತ್ತಾರೆ. ಆ ಹಗ್ಗವೇ ಕರಿ. ಅದನ್ನು ಹರಿದ ಎತ್ತಿಗೆ ಜಯ. ಬೆಳಿಗ್ಗೆ ನೋಡಿದರೆ ಎಂಜಿನ್ನಿನ ಮೂತಿಗೆ ಹುರಮಂಜಿನ ಕೆಂಪು ಬಣ್ಣ, ಪ್ಲಾಟ್‌ಫಾರ್ಮಿನ ಬಳಿ ಹಳಿಗಡ್ಡ ಹುಲ್ಲಿನ ಹಗ್ಗ, ಅದಕ್ಕೆ ಬೇವಿನ ಸೊಪ್ಪು.

“ಹಳಿಗೆ ಅಡ್ಡ ಏನೂ ಇರಬಾರದು. ಬಿಚ್ಚು” ಎಂದೆ.

“ಸಾಹೇಬ್ರದು ಅವರ ಪರೀಕ್ಷಾ, ಇದು ನಮ್ಮದು.”

“ಎಮ್ಮಿ ಎಲ್ಲ್ಯಾದ್ರೂ ಕರಿ ಹರಿತೈತೇನೋ ಮಾರಾಯಾ?”

“ಎತ್ತು ಇಷ್ಟು ವರ್ಷ ಹರದಾವಲ್ರಿ. ಒಮ್ಮಿ ಎಮ್ಮಿನೂ ಹರೀಲಿ ಬಿಡ್ರಿ.”

ಅವನ ಮುಖ ನೋಡಿ ಬಿಚ್ಚಿಸಲಾಗಲಿಲ್ಲ. ಒಂದು ತುದಿಯನ್ನು ನಾನೇ ಹಿಡಿಯುವುದು, ಅಪಾಯ ಕಂಡರೆ ಕೆಳಗೆ ಬಿಡುವುದು ಎಂದು ಒಪ್ಪಂದವಾಯಿತು.

ಎಂಜಿನ್ ನಡೆಸಲು ಬಂದ ಡ್ರೈವರ್ ಕರಾವಳಿಯವರು. ಕರಿಯ ವಿಷಯ ಅವರಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾರಹುಣ್ಣಿವೆಯ ದಿನ ಅಡ್ಡ ಕಟ್ಟಿದ ಹಗ್ಗ ಏಕೆಂದು ತಿಳಿಯದವರೂ ಇರುತ್ತಾರೆಯೇ? ಎಮ್ಮೆ ಶೆಡ್ಡಿನಿಂದ ಹೊರಬಿತ್ತು. ಜನ ಕೇಕೆ ಹಾಕಿದರು. ಹಳಿಗಡ್ಡ ಹಗ್ಗ, ಅದನ್ನು ಹಿಡಿದು ನಿಂತ ಸ್ಟೇಷನ್ ಮಾಸ್ತರ ಕಂಡ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರು. ನಿಯಮದ ಪ್ರಕಾರ ಅದೇ ಸರಿ. ಆದರೆ ನಿಂತ ಎಂಜಿನ್ ಮತ್ತೆ ಹೊರಡಲಿಲ್ಲ. ಗಾಲಿಗಳು ನಿಂತಲ್ಲೇ ತಿರುಗಿ ಜಾರಿದವು. ಮಾಪಕದ ಮುಳ್ಳು ಇಳಿಯತೊಡಗಿತು.

“ಮುಗೀತಲ್ಲ?” ಎಂದರು ಸಾಹೇಬರು.

ಫಕ್ಕೀರಪ್ಪ ಓಡಿ ಬಂದ. ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಬೆರಳುಗಳ ಬೆನ್ನಿನಿಂದ ಎಂಜಿನ್ನಿನ ಹೊಟ್ಟೆ ಮುಟ್ಟಿ ಕಣ್ಣು ಮುಚ್ಚಿದ. “ದಣಿದಿಲ್ರಿ. ಬೆದರೇತಿ.” ಬೊಗಸೆಯಲ್ಲಿ ಉಸುಕು ತಂದು ಗಾಲಿಗಳ ಮುಂದೆ ಹಳಿಗೆ ಸುರಿದ. “ಡ್ರೈವರ್ ಸಾಹೇಬ್ರ, ಅದು ಹಬ್ಬದ ಹಗ್ಗರಿ! ಹರಕೊಂಡು ಬರ್ರಿ!”

ಡ್ರೈವರ್ ಅವನ ಮಾತು ನಂಬಲಿಲ್ಲ. ನನ್ನ ಕಡೆ ನೋಡಿದರು. ನೌಕರಿಯಲ್ಲಿದ್ದಷ್ಟು ಕಾಲ, ಅಡ್ಡಿಯಿದ್ದ ಹಳಿಗೆ ನಾನು ಹಸಿರು ಬಾವುಟ ತೋರಿಸಿದವನಲ್ಲ. ಅಂದು ಎಡಗೈಯಲ್ಲಿ ಹಗ್ಗ ಹಿಡಿದೇ ಬಲಗೈಯಿಂದ ತೋರಿಸಿದೆ. ಎಮ್ಮೆ ಒಮ್ಮೆ ನಡುಗಿ, ಉಸುಕನ್ನು ಕಚ್ಚಿ ಹಿಡಿದು ಮುಂದೆ ಬಂತು. ಕರಿ ಪಟ್ಟನೆ ಹರಿಯಿತು. ಸಾಹೇಬರ ಕೋಟಿನ ಮೇಲೂ ಬೇವಿನ ಎಲೆ ಬಿದ್ದವು.

ಜನರೆಲ್ಲ ಕುಣಿಯುತ್ತಿದ್ದಾಗ ಗಿರಿಜವ್ವ ಗಂಡನ ಎದುರು ಬುತ್ತಿ ಬಿಚ್ಚಿದಳು. “ಇನ್ನರೆ ಉಣ್ರಿ.”

ಅಂದಿನ ತಪ್ಪು ಮುಂದೆ ಪದ್ಧತಿಯಾಯಿತು. ಪ್ರತಿ ಕಾರಹುಣ್ಣಿವೆಗೂ ಎಂಜಿನ್ ಕರಿಯ ಮುಂದೆ ನಿಂತು ಸಿಳ್ಳೆ ಹಾಕಬೇಕು, ಫಕ್ಕೀರಪ್ಪ ಮುಟ್ಟಿ “ಬಿಸಿ ಐತಿ” ಎನ್ನಬೇಕು, ಆಮೇಲೆ ನನ್ನ ಹಸಿರು.

ಕೈಲಾಗದಾದ ಮೇಲೆ ಅವನು ಗುತ್ತಲದಲ್ಲಿ ಮಗಳ ಮನೆಯಲ್ಲಿದ್ದ. ಬಸ್ಸು ಹಿಡಿದು ನೋಡಲು ಹೋದೆ. ಆರೋಗ್ಯ ವಿಚಾರಿಸುವ ಮೊದಲೇ ನನ್ನ ಕೈ ಎಳೆದು, ಮಣಿಕಟ್ಟನ್ನು ಬೆರಳುಗಳ ಬೆನ್ನಿನಿಂದ ಮುಟ್ಟಿ ಕಣ್ಣು ಮುಚ್ಚಿದ. “ಬಿಸಿ ಐತ್ರಿ, ಮಾಸ್ತರ್ರ. ಇನ್ನಾ ಓಡ್ತೀರಿ.” ಅದೇ ಕೊನೆಯ ಭೇಟಿ.

ಅವನಿಲ್ಲದ ಮೊದಲ ಕಾರಹುಣ್ಣಿವೆಯಂದು ಎಮ್ಮೆ ಕರಿಯ ಮುಂದೆ ನಿಂತು ಸಿಳ್ಳೆ ಹಾಕಿತು. ಎಲ್ಲರೂ ಶೆಡ್ಡಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಬಾವುಟವನ್ನು ಕಂಕುಳಲ್ಲಿಟ್ಟು, ಬೆರಳು ಮಡಚಿ ಮುಟ್ಟಿದೆ. ಚುರ್ರೆಂದಿತು.

“ಬಿಸಿ ಐತಿ” ಎಂದೆ.

ಹಿಂದಿನಿಂದ ಗಿರಿಜವ್ವ ಮೆಲ್ಲಗೆ ಹೇಳಿದಳು: “ಆ ಮುಳ್ಳೂ ನೋಡ್ರಿ, ಮಾಸ್ತರ್ರ. ಅವರೂ ನೋಡ್ತಿದ್ರು.”

ನೋಡಿದೆ. ಆಮೇಲೆ ಹಸಿರು ತೋರಿಸಿದೆ.