ಧುಮುಕಿದವಳ ಹೆಸರು

ಹರ್ಷಿತಾ ಆ ಬರಹವನ್ನು ತಿದ್ದುತ್ತಿದ್ದುದು ಇದು ಮೂರನೇ ಸಲ. ಅದೂ ಡಚ್ ಊರು ರೈಸ್‌ವೈಕ್‌ನ ಈಜುಕೊಳದ ಗಾಜಿನ ಹೊರಗೆ ಕೂತು, ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲೆ, ಇನ್ನೊಂದು ನೀರಿನಲ್ಲಿದ್ದ ಮಗಳ ಕೆಂಪು ಟೋಪಿಯ ಮೇಲೆ. ಟೋಪಿ ಒಂದು ಕ್ಷಣ ಕಾಣದಿದ್ದರೆ ಜೀವ ಬಾಯಿಗೆ ಬರುತ್ತಿತ್ತು.

ಬರಹ ಪಕ್ಕದಲ್ಲೇ ಕೂತಿದ್ದ ವಿಜಯಾ ಕುಲಕರ್ಣಿಯವರ ಕುರಿತದ್ದು. ಮುಧೋಳದವರು, ಮೂವತ್ತು ವರ್ಷದಿಂದ ಇಲ್ಲೇ. ಶಾಲೆಯ ಊಟದ ಬಿಡುವಿನಲ್ಲಿ ಮಕ್ಕಳನ್ನು ಕಾಯುವ ಕೆಲಸ. ಅರವತ್ತನಾಲ್ಕನೇ ವಯಸ್ಸಿಗೆ, ಮೈಮೇಲೆ ಬಟ್ಟೆ, ಕಾಲಲ್ಲಿ ಶೂ ಸಮೇತ ಈಜಿ ತೋರಿಸಿ, ಇಲ್ಲಿನ ಮಕ್ಕಳು ಪಡೆಯುವ ಈಜಿನ ಡಿಪ್ಲೊಮಾವನ್ನು ಗಿಟ್ಟಿಸಿದ್ದರು. ಕನ್ನಡ ಸಂಘದ ಸಂಚಿಕೆಗೆ ಅವರ ಜೀವನಚಿತ್ರ ಬೇಕೆಂದಿದ್ದರು ಸಂಪಾದಕ ಅರವಿಂದ. ಐದಕ್ಕೆ ಮುದ್ರಣಕ್ಕೆ ಹೋಗಬೇಕು. ಈಗ ನಾಲ್ಕೂವರೆ.

"‘ಎಂಟು ವರ್ಷದ ವಿಜಯಾ ಮೆಟ್ಟಿಲ ಬಾವಿಗೆ ಧುಮುಕಿದಳು,’" ಹರ್ಷಿತಾ ಓದಿದಳು.

"ಸುಳ್ಳ," ವಿಜಯಾ ತಡೆದರು. "ವಿಜಯಾ ಯಾವಾಗ ಬಾವಿಗೆ ಧುಮುಕ್ಯಾಳ? ಅಕಿ ಹುಟ್ಟಿದ್ದ ಹತ್ತೊಂಬತ್ತನೇ ವಯಸ್ಸಿಗೆ, ಅಕ್ಕಿ ಪರಾತದಾಗ. ಹುಟ್ಟಿದ ಕೂಡಲೇ ಅರವತ್ತು ಮಂದಿಗೆ ಪಾನಕಾ ಕೊಟ್ಲು."

ಮದುವೆಯ ದಿನ ಗಂಡ ಉಂಗುರದಿಂದ ಅಗಲ ತಟ್ಟೆಯ ಅಕ್ಕಿಯ ಮೇಲೆ ಬರೆದ ಹೆಸರದು. ಅದಕ್ಕೂ ಮೊದಲು ಅವರು ದ್ವಾರಕಾ. ಪರಕಾರ ಎತ್ತಿ ಕಟ್ಟಿ ಬಾವಿಗೆ ಹಾರುತ್ತಿದ್ದವಳು ದ್ವಾರಕಾ. ವಿಜಯಾ ಇಲ್ಲಿ ಈಜು ತರಗತಿಗೆ ಸೇರುವವರೆಗೆ, ನಲವತ್ತಕ್ಕೂ ಹೆಚ್ಚು ವರ್ಷ, ಮೊಣಕಾಲುದ್ದದ ನೀರಿಗೂ ಇಳಿದವರಲ್ಲ.

"ಆಂಟಿ, ಪ್ಲೀಸ್. ಒಬ್ರಿಗೆ ಒಂದೇ ಹೆಸರು ಅಂತ ಅರವಿಂದ್ ಸರ್ ರೂಲ್. ಮೊದಲನೇ ಸಲ ಪೂರ್ತಿ ಹೆಸರು, ಆಮೇಲೆ ಬರೀ ಶ್ರೀಮತಿ ಕುಲಕರ್ಣಿ."

"ಎಂಟು ವರ್ಷದ ಹುಡುಗಿಗೆ ಶ್ರೀಮತಿ ಕುಲಕರ್ಣಿ ಅಂತೀಯೇನ? ಅಕಿ ಹೆಸರಿಲ್ಲಂದ್ರ ನನ್ನ ಬಗ್ಗೆ ಹಾಕಲೇಬ್ಯಾಡ. ಒಮ್ಮೆ ಅಳಿಸ್ಯಾರ. ಈಗ ನೀನೂ ಅಳಸ್ತಿ ಏನ?"

ಹರ್ಷಿತಾಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೆಂಪು ಟೋಪಿ ಬೇರೆ ಕಾಣುತ್ತಿಲ್ಲ. ಎದ್ದು ನಿಂತಳು, ಏಣಿಯ ಹತ್ತಿರ ಇದೆ. ಕೂತಳು. ಸರಿ, ಬಾಲ್ಯದುದ್ದಕ್ಕೂ ದ್ವಾರಕಾ ಎಂದು ತಿದ್ದಿದಳು. ಅಕ್ಕಿ ಪರಾತದ ಸಂಗತಿ ಬರೆದಳು. ಅಲ್ಲಿಂದ ಮುಂದೆ ವಿಜಯಾ. ಐದಕ್ಕೆ ಹತ್ತು ನಿಮಿಷ.

"ಮುಗೀತು ಆಂಟಿ. ಕೊನೇ ಸಾಲು: ‘ಪರೀಕ್ಷೆಯ ದಿನ ವಿಜಯಾ ಕೊಳಕ್ಕೆ ಧುಮುಕಿದರು.’ ಡಿಪ್ಲೊಮಾದಲ್ಲೂ ಅದೇ ಹೆಸರಿದೆ. ಕಳಿಸ್ಲಾ?"

ವಿಜಯಾ ಗಾಜಿನಾಚೆಯ ನೀರನ್ನೇ ನೋಡುತ್ತಿದ್ದರು.

"ಅಯ್ಯೋ, ಇನ್ನೇನು?"

"ಶೂ ಹಾಕ್ಕೊಂಡು ದಂಡಿ ಮ್ಯಾಲೆ ನಿಂತಾಕಿ ವಿಜಯಾ. ಟೀಚರು ಮೂರು ಸಲ ಕರದ್ರೂ ಕದಲಲಿಲ್ಲ. ಇನ್ನೇನ ಹೊಳ್ಳಿ ಹೋಗಾಕಿ ಇದ್ಲು." ಅವರು ಗಾಜಿಗೆ ಬೆರಳಿಟ್ಟು ಕೊಳದ ದಂಡೆ ತೋರಿಸಿದರು. "ಧುಮುಕಿದಾಕಿ ಅಕಿ ಅಲ್ಲವ್ವಾ."

ಹರ್ಷಿತಾ ಹಲ್ಲು ಕಚ್ಚಿಕೊಂಡು ಒಂದು ಹೆಸರು ಅಳಿಸಿದಳು, ಇನ್ನೊಂದು ಬರೆದಳು, ಕಳಿಸಿದಳು.

ಐದು ನಿಮಿಷಕ್ಕೆಲ್ಲ ಅರವಿಂದರ ಫೋನು.

"ಏನಮ್ಮಾ ಇದು? ಮದುವೆ ಆದ್ಮೇಲೆ ವಿಜಯಾ ಅಂತ ನೀವೇ ಬರೆದಿದ್ದೀರಿ. ಕೊನೇಲಿ ದ್ವಾರಕಾ ಮತ್ತೆ ಹೇಗೆ ಬಂದ್ರು?"

ಕೆಂಪು ಟೋಪಿ ಮತ್ತೆ ಮುಳುಗಿತ್ತು.

"ಈಜ್ಕೊಂಡು ಬಂದ್ರು ಸರ್! ಹಾಗೇ ಪ್ರಿಂಟ್ ಮಾಡಿ," ಎಂದವಳೇ ಫೋನಿಟ್ಟು ಗಾಜಿನತ್ತ ಓಡಿದಳು.