ಹಾರದ ಬೆಳ್ಳಕ್ಕಿ

ಆಗೆಲ್ಲ ನಮಗೆ ಭಾನುವಾರ ಅಂದ್ರೆ ಹಕ್ಕಿ. ನಾನು ಏಳನೇ ಕ್ಲಾಸು. ನರಸೀಪುರದಲ್ಲಿ ಕಪಿಲೆ ಪಕ್ಕದ ಜೌಗಿಗೆ ನಮ್ಮ ಸೈನ್ಸ್ ಮೇಡಂ ಬೆಳಬೆಳಗ್ಗೇನೇ ಕರ್ಕೊಂಡು ಹೋಗೋರು. ಕೆಸರು, ಕೊಳೆತ ಜೊಂಡಿನ ವಾಸನೆ, ಜೊತೆಗೆ ಬ್ಯಾಗೊಳಗಿಂದ ಚಿತ್ರಾನ್ನದ ಘಮ. ಮೇಡಂದು ಒಂದೇ ರೂಲು, ಯಾರೂ ಬಾಯಿ ಬಿಡಂಗಿಲ್ಲ.

ಅದಕ್ಕೇ ನಾವೊಂದು ಆಟ ಕಟ್ಕೊಂಡಿದ್ವಿ. ಹಾರಿಸ್ದೆ ಹಕ್ಕಿಗೆ ಯಾರು ಜಾಸ್ತಿ ಹತ್ರ ಹೋಗ್ತಾರೋ ಅವ್ರಿಗೆ ವಾಪಸ್ ಬರೋವಾಗ ಮೇಡಂ ಬೈನಾಕ್ಯುಲರ್. ಪ್ರತಿ ಸಲ ನಮ್ಮ ಕ್ಲಾಸಿನ ಶಿವುನೇ ಗೆಲ್ತಿದ್ದ. ಒಂದ್ಸಲನಾದ್ರೂ ಹಕ್ಕಿ ಕಣ್ಣಿನ ಬಣ್ಣ ಕಾಣೋಷ್ಟು ಹತ್ರ ಹೋಗ್ಬೇಕು ಅಂತ ನನಗೆ ಹುಚ್ಚು.

ಆ ಚಳಿಗಾಲದ ಭಾನುವಾರ ಮಂಜಲ್ಲಿ ಹೊಳೆನೇ ಕಾಣ್ತಿರ್ಲಿಲ್ಲ, ಬರೀ ನೀರಿನ ಸದ್ದು. ಕೆಸರಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು. ಹೆಜ್ಜೆ ಇಟ್ಟೆ, ಹಾರ್ಲಿಲ್ಲ. ಇನ್ನೊಂದು ಇಟ್ಟೆ. ಹಿಂದಿಂದ ಶಿವು ಪಿಸುಗುಟ್ಟಿದ, "ಬೊಂಬೆ ಕಣೇ ಅದು. ಬೊಂಬೆ ಲೆಕ್ಕಕ್ಕಿಲ್ಲ."

ಬೊಂಬೆ ಅಲ್ಲ. ನನ್ನ ಕಾಲು ಪಚಕ್ ಅಂದಾಗ ಅದು ಕತ್ತು ತಿರುಗಿಸ್ತು. ಆದ್ರೆ ನನ್ನ ಕಡೆಗಲ್ಲ, ನನ್ನ ಪಕ್ಕ ಇನ್ಯಾರೋ ನಿಂತಿರೋ ಹಂಗೆ ಅತ್ತ ತಿರುಗ್ತು. ಬೆನ್ನು ಜುಮ್ ಅಂತು. ಆದ್ರೂ ಕೈಗೆ ಸಿಗೋಷ್ಟು ಹತ್ರ ಹೋಗಿ ಬಗ್ಗಿ ನೋಡ್ದೆ.

ಕಣ್ಣೇ ಇರ್ಲಿಲ್ಲ. ರೆಪ್ಪೆಗೆ ರೆಪ್ಪೆ ಸೇರಿಸಿ ಕರಿ ದಾರದಲ್ಲಿ ಹೊಲಿದಿದ್ರು. ಕಾಲನ್ನ ಗೂಟಕ್ಕೆ ಕಟ್ಟಿದ್ರು.

ಮೇಡಂ ಬಂದು ಬಗ್ಗಿ ನೋಡಿದ್ರು. ಆಮೇಲೆ ಮೆತ್ತಗೆ ಹೇಳಿದ್ರು, ಹಕ್ಕಿ ಹಿಡಿಯೋರ ಕೆಲಸ ಇದು, ಇದು ನಿಂತಿರೋದು ನೋಡಿ ಮಿಕ್ಕವು ಧೈರ್ಯವಾಗಿ ಇಳಿದು ಬಲೆಗೆ ಬೀಳ್ತವೆ ಅಂತ. ಕೆಳಗೆ ನೋಡಿದ್ರೆ ನಾನು ನಿಂತಿದ್ದಿದ್ದೇ ಬಲೆ ಮೇಲೆ. ಅಷ್ಟರಲ್ಲಿ ಜೊಂಡೊಳಗೆ ಯಾರೋ ಕೆಮ್ಮಿದ್ರು. ಒಂದೇ ಸಲ.

ಮೇಡಂ ಪರ್ಸಲ್ಲಿದ್ದ ಪುಟ್ಟ ಕತ್ರಿಲಿ ಕಾಲಿನ ಹಗ್ಗ ಕತ್ತರಿಸಿ, ಕಣ್ಣಿನ ದಾರ ಒಂದೊಂದಾಗಿ ಬಿಡಿಸಿದ್ರು. ಹಕ್ಕಿನ ನಾನು ಹಿಡ್ಕೊಂಡಿದ್ದೆ, ಅದರ ಎದೆ ನನ್ನ ಅಂಗೈಲಿ ಡವಡವ ಅಂತಿತ್ತು. ಕಣ್ಣು ಬಿಡ್ತು. ಹಳದಿ.

ಬಿಟ್ವಿ. ಮಂಜೊಳಗೆ ಒಂದು ಸುತ್ತು ಹಾಕಿ ವಾಪಸ್ ಬಂತು. ಅದೇ ಗೂಟದ ಪಕ್ಕ ನಿಂತು ಕಣ್ಣು ಮುಚ್ಕೊಂತು.

ಜೊಂಡು ಸರಸರ ಅಂತು.

"ಕೂಗ್ರೋ," ಅಂದ್ರು ಮೇಡಂ. "ಎಲ್ಲಾರೂ ಕೂಗಿ, ಓಡಿಸಿ ಅದನ್ನ."

ಬಾಯಿ ಬಿಡಬೇಡಿ ಅಂತಿದ್ದ ಮೇಡಮ್ಮೇ ಮೊದಲು ಚಪ್ಪಾಳೆ ತಟ್ಟಿದ್ರು. ನಾವು ಗಂಟಲು ಹರಿಯೋ ಹಂಗೆ ಅರಚಿದ್ವಿ. ಕೊನೆಗೆ ಅದು ಎದ್ದು ಹೊಳೆ ದಾಟ್ತು.

ಆವತ್ತು ಚಿತ್ರಾನ್ನ ಯಾರೂ ತಿನ್ಲಿಲ್ಲ. ಬೈನಾಕ್ಯುಲರ್ ನನ್ನ ಕೊರಳಿಗೆ ಬಂತು. "ನೀನೇ ಗೆದ್ದೆ, ಬಿಡು," ಅಂದ ಶಿವು. ನಾನು ಅದನ್ನ ಕಣ್ಣಿಗೆ ಹಿಡೀಲೇ ಇಲ್ಲ.

ಈಗ ಡಿಗ್ರಿ ಓದ್ತಿದೀನಿ, ಸ್ವಂತ ಬೈನಾಕ್ಯುಲರ್ ಇದೆ, ಅದೇ ಜೌಗಿಗೆ ಈಗ್ಲೂ ಗುಂಪು ಕಟ್ಕೊಂಡು ಹೋಗ್ತೀನಿ. ಆದ್ರೆ ಹಕ್ಕಿ ಹತ್ರಕ್ಕೆ ಬಿಟ್ಕೊಂಡಾಗ ಆಗ್ತಿದ್ದ ಆ ಖುಷಿ ಮಾತ್ರ ಹೋಗೇಬಿಡ್ತು. ಎಲ್ಲಾರೂ ಉಸಿರು ಬಿಗಿಹಿಡಿದು ಫೋಟೋ ತೆಗೀತಿರೋವಾಗ ನಾನು ಚಪ್ಪಾಳೆ ತಟ್ಟಿಬಿಡ್ತೀನಿ. ಬೈತಾರೆ. ಬೈಲಿ. ಅದು ರೆಕ್ಕೆ ಬಿಚ್ಚೋವರೆಗೂ ನನಗೆ ಉಸಿರು ಬರಲ್ಲ.